ಮಾರ್ನಿಂಗ್ ಗ್ಲೋರಿ: ಹಳೆಯ ತಳಿಯನ್ನು ಬೀಜದಿಂದ ಬೆಳೆಸಿ ಬೀಜವಾಗಿ ಉಳಿಸುವ ಬಗೆ

ಬೀಜ ಹಾಕಿದೆ, ಹುಟ್ಟಲೇ ಇಲ್ಲ. ಹುಟ್ಟಿತು, ಆಳೆತ್ತರ ಹಬ್ಬಿತು, ಹೂ ಮಾತ್ರ ಇಲ್ಲ. ಹೂವೂ ಬಂತು, ಅದರ ಬೀಜ ಹಾಕಿದರೆ ಈ ವರ್ಷ ಬಣ್ಣವೇ ಬೇರೆ. ಮುಂಗಾರು ಹಿಡಿದ ಮೇಲೆ ಮಾರ್ನಿಂಗ್ ಗ್ಲೋರಿ ಬಳ್ಳಿಯ ಬಗ್ಗೆ ಓದುಗರು ಕೇಳುವುದೆಲ್ಲ ಹೆಚ್ಚುಕಡಿಮೆ ಈ ಮೂರರೊಳಗೇ ಬರುತ್ತದೆ. ಮೊದಲ ಎರಡಕ್ಕೆ ಪರಿಹಾರ ಸುಲಭ: ಬೀಜದ ಸಿಪ್ಪೆಗೊಂದು ಗೀರು, ಗೊಬ್ಬರಕ್ಕೆ ಕಡಿವಾಣ. ಮೂರನೆಯದಕ್ಕೆ ತುಸು ಶಿಸ್ತು ಬೇಕು. ಈ ಬಳ್ಳಿಯನ್ನು ಬೆಳೆಸುವುದು ಯಾರ ಕೈಯಲ್ಲೂ ಆಗುತ್ತದೆ; ಅದೇ ತಳಿಯಾಗಿ ಮುಂದಿನ ವರ್ಷಕ್ಕೆ ದಾಟಿಸುವುದು ಕೆಲಸ. ಹಾಗಾಗಿ ಇಲ್ಲಿ ಬೀಜ ಹಿಡಿಯುವ ಭಾಗಕ್ಕೆ ಜಾಗ ಹೆಚ್ಚು.

ಯಾವ ತಳಿ?

ಹಳೆಯ ತಳಿ ಎಂದರೆ ತಲೆಮಾರುಗಳಿಂದ ಬೀಜ ಹಿಡಿದು ಉಳಿಸಿಕೊಂಡು ಬಂದದ್ದು. ತರಕಾರಿಯಲ್ಲಿ ಜವಾರಿ, ನಾಟಿ ಎನ್ನುತ್ತೇವಲ್ಲ, ಆ ಅರ್ಥದಲ್ಲೇ. ಬೀಜ ಹಾಕಿದರೆ ತಾಯಿಬಳ್ಳಿಯಂಥದ್ದೇ ಬರಬೇಕು. ಎಫ್-1 ಹೈಬ್ರಿಡ್ ಪ್ಯಾಕೆಟ್ಟಿನಿಂದ ಹಾಗಾಗದು. ಅದು ಎರಡು ತಳಿ ಕೂಡಿಸಿ ಪಡೆದ ಮೊದಲ ತಲೆಮಾರು, ಅದರ ಬೀಜದಿಂದ ಬರುವ ಬಳ್ಳಿಗಳು ಒಂದೊಂದೂ ಒಂದೊಂದು ಥರ.

ಮಾರ್ನಿಂಗ್ ಗ್ಲೋರಿ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಜಾತಿಗಳು ಮಾರಾಟವಾಗುತ್ತವೆ. ಮೂರೂ ನಮ್ಮ ಗೆಣಸಿನ ನೆಂಟರು. ಇವುಗಳ ವ್ಯತ್ಯಾಸ ಗೊತ್ತಿಲ್ಲದೆ ಬೀಜ ಉಳಿಸಲು ಹೊರಟರೆ ಕೆಡುವುದೇ ಹೆಚ್ಚು.

ಐಪೋಮಿಯ ಪರ್ಪ್ಯೂರಿಯ: ಹೃದಯಾಕಾರದ ಎಲೆ, ಕಾಂಡದ ಮೇಲೆ ಸಣ್ಣ ರೋಮ, ಐದಾರು ಸೆಂಟಿಮೀಟರ್ ಅಗಲದ ಹೂ. ಇದರಲ್ಲಿ ಹೆಸರಾದ ಹಳೆಯ ತಳಿ 'ಗ್ರ್ಯಾಂಡ್‌ಪಾ ಆಟ್ಸ್'. ಕಡುನೇರಳೆ ಹೂವಿನ ನಡುವೆ ಕೆಂಪು ನಕ್ಷತ್ರ. ಬವೇರಿಯಾದಿಂದ ಅಮೆರಿಕದ ಅಯೋವಾಕ್ಕೆ ವಲಸೆ ಬಂದ ಆಟ್ ಕುಟುಂಬ ಇದರ ಬೀಜವನ್ನು ಜೊತೆಗೆ ತಂದು ಕಾಪಾಡಿಕೊಂಡಿತ್ತು. ಅಜ್ಜ ಬ್ಯಾಪ್ಟಿಸ್ಟ್ ಜಾನ್ ಆಟ್ ಅದನ್ನು ಮೊಮ್ಮಗಳು ಡಯಾನ್ ಆಟ್ ವೀಲಿಗೆ ಕೊಟ್ಟರು. ಆಕೆ ಮತ್ತು ಗಂಡ ಕೆಂಟ್ ವೀಲಿ 1975ರಲ್ಲಿ ಶುರುಮಾಡಿದ ಬೀಜ ವಿನಿಮಯದ ಕೂಟವೇ ಇಂದಿನ ಸೀಡ್ ಸೇವರ್ಸ್ ಎಕ್ಸ್‌ಚೇಂಜ್.

ಐಪೋಮಿಯ ಟ್ರೈಕಲರ್: ರೋಮವಿಲ್ಲದ ನುಣುಪು ಕಾಂಡ, ಅಂಗೈಯಗಲದ ಹೂ. 'ಹೆವೆನ್ಲಿ ಬ್ಲೂ' ಈ ಜಾತಿಯದು. ಮೊಗ್ಗು ಕೆನ್ನೇರಳೆ, ಅರಳಿದಾಗ ಆಕಾಶನೀಲಿ. ಅರಳುವಾಗ ದಳದ ಕೋಶರಸದ ಪಿಎಚ್ ಸುಮಾರು 6.6ರಿಂದ 7.7ಕ್ಕೆ ಏರುವುದರಿಂದ ಆಗುವ ಬದಲಾವಣೆ ಇದು. ಮಣ್ಣಿಗೆ ಪಟಕ, ಸುಣ್ಣ ಹಾಕಿ ಬಣ್ಣ ಬದಲಿಸಬಹುದೇ ಎಂದು ಕೇಳುತ್ತಾರೆ. ಆ ಆಟ ಹೈಡ್ರೇಂಜಿಯಾದಲ್ಲಿ ನಡೆಯುತ್ತದೆ, ಇದರಲ್ಲಿ ನಡೆಯದು.

ಐಪೋಮಿಯ ನಿಲ್: ಎಲೆ ಸಾಮಾನ್ಯವಾಗಿ ಮೂರು ಸೀಳಿನದು, ಹೂವಿನ ಬುಡದ ಪುಷ್ಪಪತ್ರಗಳು ಉದ್ದಕ್ಕೆ ಬಾಲದಂತೆ ಚೂಪಾಗಿರುತ್ತವೆ. ಜಪಾನೀಯರ 'ಅಸಗಾವೊ' ಇದೇ. ಚೀನಾದಿಂದ ಔಷಧದ ಬೀಜವಾಗಿ ಹೋದದ್ದು ಎದೊ ಕಾಲದಲ್ಲಿ (1603–1868), ಅದರಲ್ಲೂ 1804ರಿಂದ 1830ರವರೆಗೆ ಮತ್ತೆ 1850ರ ಆಸುಪಾಸಿನಲ್ಲಿ, ದೊಡ್ಡ ಗೀಳಾಯಿತು. ಸೀಳುದಳ, ಸುರುಳಿ ಎಲೆ, ಮುದುಡಿದ ಹೂ ಎಂದು ನೂರಾರು ಬಗೆ ಹುಟ್ಟಿಕೊಂಡವು. ಇವತ್ತಿಗೂ ಟೋಕಿಯೋದ ಇರಿಯಾದಲ್ಲಿ ಜುಲೈ 6ರಿಂದ 8ರವರೆಗೆ ಅಸಗಾವೊ ಕುಂಡಗಳದೇ ಸಂತೆ ನಡೆಯುತ್ತದೆ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಭೇದಿಯ ಔಷಧಕ್ಕೆಂದು ಸಿಗುವ ಕಾಲಾದಾನವೂ ಈ ಜಾತಿಯ ಬೀಜವೇ. ಮೊಳೆಯಲೂಬಹುದು, ಆದರೆ ಎಷ್ಟು ವರ್ಷ ಹಳೆಯದೋ, ಯಾವ ಬಣ್ಣದ್ದೋ ಯಾರೂ ಹೇಳಲಾರರು. ತಳಿ ಉಳಿಸುವವರಿಗೆ ಅದು ಬೇಡ.

ಹೆಸರಿಲ್ಲದ ಬೀಜ ಬಿತ್ತಿದ್ದರೆ ಕಾಯಿ ನೋಡಿ ಜಾತಿ ಹೇಳಬಹುದು. ಪರ್ಪ್ಯೂರಿಯ, ನಿಲ್ ಎರಡರ ಕಾಯಿಯಲ್ಲೂ ಮೂರು ಕೋಣೆ, ಹೆಚ್ಚೆಂದರೆ ಆರು ಬೀಜ. ಟ್ರೈಕಲರ್‌ನಲ್ಲಿ ಎರಡೇ ಕೋಣೆ, ನಾಲ್ಕು ಬೀಜ.

ಬೀಜ ಕೊಳ್ಳುವಾಗ 'ಮಿಕ್ಸ್' ಎಂದು ಬರೆದ ಪ್ಯಾಕೆಟ್ ಬಿಡಿ. ತಳಿಯ ಹೆಸರು, ಜಾತಿ, ಪ್ಯಾಕ್ ಮಾಡಿದ ವರ್ಷ ಮೂರೂ ಇರುವುದನ್ನು ಕೊಳ್ಳಿ. ಅಮೆರಿಕದಲ್ಲಿರುವ ಮಗನಿಗೆ ಹೇಳಿ ಸೂಟ್‌ಕೇಸಿನಲ್ಲಿ ತರಿಸೋಣ ಎಂದುಕೊಂಡಿದ್ದರೆ ಬೇಡ. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಹೊರದೇಶದಿಂದ ಬೀಜ ತರಲು ಆಮದು ಪರವಾನಗಿಯೂ ಆ ದೇಶ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇವೆರಡೂ ಇರುವ ಆಮದುದಾರರಿಂದ ಅಥವಾ ಇಲ್ಲೇ ಬೀಜ ಉಳಿಸಿದವರಿಂದ ಪಡೆಯಿರಿ.

ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಈ ಬೀಜಗಳನ್ನು ತಿನ್ನುವಂತಿಲ್ಲ. ಕಾಲಾದಾನ ತೀವ್ರ ಭೇದಿ ಮಾಡಿಸುತ್ತದೆ. ಹೆವೆನ್ಲಿ ಬ್ಲೂ ಬೀಜದಲ್ಲಿ ಮನಸ್ಸನ್ನು ಕದಡುವ, ಎರ್ಗಾಟ್ (ಧಾನ್ಯದ ತೆನೆಗೆ ಬರುವ ಶಿಲೀಂಧ್ರ) ಬಗೆಯ ರಾಸಾಯನಿಕಗಳಿವೆ. ಅವನ್ನು ತಯಾರಿಸುವುದು ಗಿಡವಲ್ಲ, ಅದರೊಳಗೆ ಬದುಕುವ ಒಂದು ಶಿಲೀಂಧ್ರ. ಅದು ಯಾವುದೆಂದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಗುರುತಿಸಿದ್ದು 2025ರಲ್ಲಷ್ಟೇ. ಅಂಗಡಿಯ ಬೀಜಕ್ಕೆ ಔಷಧ ಲೇಪಿಸಿರುವುದೂ ಉಂಟು. ಮಕ್ಕಳು, ನಾಯಿ, ದನಕರುಗಳ ಬಾಯಿಗೆ ಸಿಗದಂತೆ ಇಡಿ, ಬೀಜ ಮುಟ್ಟಿದ ಕೈ ತೊಳೆಯಿರಿ.

ಬೇಕಾಗುವ ಸಾಮಾನು

ಹತ್ತು ಬೀಜ, ನೇಲ್ ಕಟ್ಟರ್ ಅಥವಾ ಬಡಗಿಗಳು ಬಳಸುವ ಉಪ್ಪುಕಾಗದದ ತುಂಡು, ಹಳೆ ಪೇಪರಿನಲ್ಲಿ ಸುತ್ತಿ ಮಾಡಿದ ಸಣ್ಣ ಲೋಟಗಳು, 12 ಇಂಚಿನ ಕುಂಡ ಅಥವಾ 20 ಲೀಟರಿನ ಪೇಂಟ್ ಬಕೆಟ್ (ತಳಕ್ಕೆ ಐದಾರು ತೂತು ಕೊರೆದು), ತೆಂಗಿನ ನಾರಿನ ಹುರಿ ಅಥವಾ ಸುತಲಿ. ಬೀಜ ಹಿಡಿಯುವ ಹೊತ್ತಿಗೆ ತಾಂಬೂಲಕ್ಕೆ ಕೊಡುವ ತೆಳು ನೆಟ್ ಚೀಲಗಳು, ಬಣ್ಣದ ಉಣ್ಣೆ ನೂಲು, ಕಾಗದದ ಕವರ್. ಇಷ್ಟೇ.

1. ಕಾಲ

ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ಬಿತ್ತಿ. ಉತ್ತರ ಕರ್ನಾಟಕದ ಬಯಲಿನಲ್ಲಿ ಮೊದಲ ಮಳೆ ಬಿದ್ದು ಬಿಸಿ ಇಳಿದ ಮೇಲೆ. ಮೇ ತಿಂಗಳ ಬಿಸಿಲಿನಲ್ಲಿ ಹುಟ್ಟಿದ ಸಸಿ ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಆಟಿ ಮಳೆ ಕಳೆಯಲಿ. ಆಗಸ್ಟ್ ಕೊನೆಗೆ ಸೂರಿನ ಕೆಳಗೆ ಸಸಿ ಮಾಡಿ, ಸೆಪ್ಟೆಂಬರಿನಲ್ಲಿ ಹೊರಗಿಡಿ. ಜೂನ್ ಜುಲೈನ ಜಡಿಮಳೆಗೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ.

ಅಕ್ಟೋಬರ್ ನಂತರ ಬಿತ್ತಿದರೂ ಹೂ ಬರುತ್ತದೆ, ಆದರೆ ಬಳ್ಳಿ ಗಿಡ್ಡವಾಗಿಯೇ ಉಳಿದು ನಾಲ್ಕು ಹೂ ಕೊಟ್ಟು ಮುಗಿಯುತ್ತದೆ. ಬಾಲ್ಕನಿ ಚಿಕ್ಕದಿದ್ದರೆ ಅದೇ ಅನುಕೂಲ ಎನ್ನಿ.

2. ಗೀರು, ನೆನೆ

ಬೀಜ ಹುಟ್ಟದಿರಲು ಮೊದಲ ಕಾರಣ ಅದರ ಸಿಪ್ಪೆ. ಕಲ್ಲಿನಂತೆ ಗಟ್ಟಿಯಾದ ಆ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಕಾಡಿನಲ್ಲಿ ವರ್ಷಗಟ್ಟಲೆ ಮಣ್ಣಲ್ಲಿ ಕಾದಿರಲು ಅದು ಮಾಡಿಕೊಂಡ ಏರ್ಪಾಡು. ನಾವು ಒಂದು ಬಾಗಿಲು ತೆರೆಯಬೇಕು.

ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಕಿತ್ತಳೆಯ ತೊಳೆಯ ಆಕಾರ: ಎರಡು ಚಪ್ಪಟೆ ಮುಖ, ಒಂದು ಉಬ್ಬಿದ ಬೆನ್ನು. ಒಂದು ತುದಿಯಲ್ಲಿ ತಗ್ಗಾದ ಚಿಕ್ಕ ಗುರುತಿದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು, ಬೀಜದ ಕಣ್ಣು. ಬೇರು ಹೊರಡುವುದು ಅದರ ಪಕ್ಕದಲ್ಲೇ, ಆ ಭಾಗ ಮುಟ್ಟಲೇಬೇಡಿ. ಉಬ್ಬಿದ ಬೆನ್ನಿನ ಮೇಲೆ ನೇಲ್ ಕಟ್ಟರ್‌ನಿಂದ ಚಿವುಟಿ, ಇಲ್ಲವೇ ಉಪ್ಪುಕಾಗದದ ಮೇಲೆ ಐದಾರು ಸಲ ಉಜ್ಜಿ. ಕಪ್ಪು ಸಿಪ್ಪೆಯಡಿ ಕೆನೆಬಣ್ಣದ ಚುಕ್ಕೆ ಕಂಡ ಕ್ಷಣ ನಿಲ್ಲಿಸಿ. ಅದಕ್ಕಿಂತ ಆಳ ಹೋದರೆ ಬೀಜದೊಳಗಿನ ಎಲೆಗೇ ಗಾಯ.

ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಿರಿ, ಸುಮಾರು 8ರಿಂದ 12 ಗಂಟೆ. ನೀರು ಕುಡಿದ ಬೀಜ ಇಮ್ಮಡಿ ಉಬ್ಬಿ ಮೆತ್ತಗಾಗಿರುತ್ತದೆ. ಉಬ್ಬದೆ ಉಳಿದವಕ್ಕೆ ಇನ್ನೊಂದು ಗೀರು ಹಾಕಿ ಮತ್ತೆ ನೆನೆಸಿ. ತೇಲಿದ ಬೀಜ ಜೊಳ್ಳು ಎಂದು ಎಸೆಯಬೇಡಿ. ಗೀರಿಲ್ಲದ ಒಳ್ಳೆಯ ಬೀಜವೂ ತೇಲುವುದುಂಟು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, 24 ಗಂಟೆ ಮೀರಿ ನೀರಲ್ಲೇ ಬಿಡುವುದು. ಗಾಳಿ ಸಿಗದೆ ಮೊಳಕೆ ಸಾಯುತ್ತದೆ, ನೀರು ಹುಳಿವಾಸನೆ ಹೊಡೆಯುತ್ತದೆ. ಎರಡು, ಕುದಿಯುವ ನೀರು ಸುರಿಯುವುದು. ಕೆಲವು ಮರಗಳ ಬೀಜಕ್ಕೆ ಆ ಉಪಾಯ ಸರಿ, ಇದನ್ನು ಬೇಯಿಸಿಬಿಡುತ್ತದೆ.

3. ಬಿತ್ತನೆ

ಈ ಬಳ್ಳಿಗೆ ತಾಯಿಬೇರು ನೇರ ಕೆಳಗಿಳಿಯುತ್ತದೆ. ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ನೇರ ಕುಂಡಕ್ಕೆ ಬಿತ್ತುವುದೇ ಒಳ್ಳೆಯದು. ಮಳೆಗೆ ಹೆದರಿ ಸಸಿ ಮಾಡುವುದಾದರೆ ಪೇಪರ್ ಲೋಟದಲ್ಲಿ ಮಾಡಿ, ಲೋಟ ಸಮೇತ ಹೂಳಿ. ಸಸಿಟ್ರೇ ಬಳಸಿದರೆ ಮೊದಲ ನಿಜವಾದ ಎಲೆ ಬಂದ ವಾರದೊಳಗೆ ಮಣ್ಣಿನ ಹೆಂಟೆ ಒಡೆಯದಂತೆ ಕದಲಿಸಿ.

ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್, ಅಂದರೆ ಬೆರಳಿನ ಮೊದಲ ಗೆಣ್ಣಿನ ಅರ್ಧ. ಕಣ್ಣಿನ ತುದಿ ಕೆಳಗೆ, ಉಬ್ಬಿದ ಬೆನ್ನು ಮೇಲೆ. ಮಣ್ಣು ಮುಚ್ಚಿ ಮೆಲ್ಲಗೆ ಅದುಮಿ ನೀರು ಚಿಮುಕಿಸಿ. 22ರಿಂದ 28 ಡಿಗ್ರಿ ಶಾಖದಲ್ಲಿ ನಾಲ್ಕರಿಂದ ಎಂಟು ದಿನಕ್ಕೆ ತಲೆಯೆತ್ತುತ್ತದೆ, ಹೆವೆನ್ಲಿ ಬ್ಲೂ ಒಂದೆರಡು ದಿನ ತಡ. ಹದಿನೈದು ದಿನವಾದರೂ ಸುಳಿವಿಲ್ಲದಿದ್ದರೆ ಅಗೆದು ನೋಡಿ: ಗಟ್ಟಿ ಇದ್ದರೆ ಗೀರು ಸಾಲದು, ಮೆತ್ತಗೆ ನಾರುತ್ತಿದ್ದರೆ ನೀರು ಹೆಚ್ಚು.

ಮೊಳಕೆಯ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಸಿಕ್ಕಿಕೊಂಡು ಬಂದರೆ ಎಳೆಯಬೇಡಿ, ಬೀಜದೆಲೆಯೇ ಕಿತ್ತು ಬರುತ್ತದೆ. ಒದ್ದೆ ಹತ್ತಿಯನ್ನು ಅದರ ಮೇಲೆ ಒಂದು ರಾತ್ರಿ ಕೂರಿಸಿ. ಬೆಳಿಗ್ಗೆ ತಾನೇ ಸಡಿಲವಾಗಿರುತ್ತದೆ. ತೀರಾ ಮೇಲೆ ಬಿತ್ತಿದಾಗ ಹೀಗಾಗುವುದು ಹೆಚ್ಚು, ಮಣ್ಣಿನ ಉಜ್ಜು ಸಿಗದೆ ಸಿಪ್ಪೆ ಕಳಚುವುದಿಲ್ಲ.

4. ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು. ಪೂರ್ವದ ಗೋಡೆ, ಟೆರೇಸಿನ ಪೂರ್ವದಂಚು ಉತ್ತಮ. ಬೆಳಗಿನ ಬಿಸಿಲು ಎಲೆಯ ಇಬ್ಬನಿಯನ್ನು ಬೇಗ ಆರಿಸುತ್ತದೆ, ರೋಗ ಕಡಿಮೆ.

ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಅರ್ಧ ಪಾಲು ಎಂದರೆ ಅರ್ಧವೇ. ಗುಲಾಬಿಗೆ ಹಾಕುವ ಕೈಯಲ್ಲಿ ಇದಕ್ಕೆ ಹಾಕಬೇಡಿ. 12 ಇಂಚಿನ ಕುಂಡಕ್ಕೆ ಎರಡು ಬಳ್ಳಿ, 20 ಲೀಟರ್ ಬಕೆಟ್ಟಿಗೂ ಎರಡು, ಬಹಳವೆಂದರೆ ಮೂರು. ನೆಲದಲ್ಲಿ ಒಂದಡಿಗೆ ಒಂದು.

5. ಹಬ್ಬಿಸುವುದು

ಐದಾರು ಎಲೆ ಬಂದಾಗ ಕುಡಿ ಚಿವುಟಿ. ಎರಡು ಮೂರು ಕವಲೊಡೆದು ಬುಡದಿಂದಲೇ ತುಂಬಿಕೊಳ್ಳುತ್ತದೆ. ಚಿವುಟದಿದ್ದರೆ ಬುಡ ಬೋಳು, ಹೂವೆಲ್ಲ ಪಕ್ಕದ ಮನೆಯವರ ಮಹಡಿಗೆ.

ಅವರೆ, ಹಾಗಲದ ಚಪ್ಪರ ಕಟ್ಟಿ ಅಭ್ಯಾಸವಿರುವವರು ಒಂದು ವ್ಯತ್ಯಾಸ ಗಮನಿಸಿ. ಹಾಗಲಕ್ಕೆ ಎಳೆಬಳ್ಳಿಯ ಕೈಗಳಿವೆ, ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ. ಮಾರ್ನಿಂಗ್ ಗ್ಲೋರಿಗೆ ಅಂಥ ಕೈ ಇಲ್ಲ, ಕಾಂಡವೇ ಸುತ್ತಬೇಕು. ಹಾಗಾಗಿ ತೆಳ್ಳಗಿನ ಆಸರೆ ಬೇಕು: ಹುರಿ, ತಂತಿ, ಹೆಬ್ಬೆರಳು ದಪ್ಪದ ಬಿದಿರು. ನಾಲ್ಕಿಂಚಿನ ಪಿವಿಸಿ ಪೈಪು, ಚೌಕದ ಕಂಬ ಇದರ ತೆಕ್ಕೆಗೆ ಸಿಗುವುದಿಲ್ಲ. ಜಾರಿ ಬುಡದಲ್ಲೇ ಗಂಟುಹಾಕಿಕೊಳ್ಳುತ್ತದೆ. ಅಂಥ ಕಂಬವೇ ಇರುವುದಾದರೆ ಸುತ್ತ ನಾಲ್ಕು ಹುರಿ ಇಳಿಬಿಡಿ. ಆರರಿಂದ ಎಂಟಡಿ ಎತ್ತರ ಸಾಕು.

ಕೈಯಿಂದ ಸುತ್ತಿ ಕೊಡುವಾಗ ದಿಕ್ಕು ತಪ್ಪಬೇಡಿ. ಮೇಲಿನಿಂದ ನೋಡಿದರೆ ಕುಡಿ ಗಡಿಯಾರದ ಮುಳ್ಳಿಗೆ ವಿರುದ್ಧ ಸುತ್ತುತ್ತದೆ. ಕಂಬಕ್ಕೆ ಅಪ್ರದಕ್ಷಿಣೆ ಬರುವ ಬಳ್ಳಿ ಎಂದು ನೆನಪಿಡಿ. ಪ್ರದಕ್ಷಿಣೆ ಹಾಕಿಸಿದರೆ ಮಾರನೆಯ ದಿನ ಬಿಚ್ಚಿಕೊಂಡು ನೇತಾಡುತ್ತಿರುತ್ತದೆ. ಬಲವಂತ ಮಾಡಿದರೆ ಕುಡಿ ಮುರಿಯುತ್ತದೆ.

ಜಾಗ ತೀರಾ ಕಡಿಮೆಯಿದ್ದವರು ಜಪಾನೀ ಬಗೆ ನೋಡಬಹುದು. ಕುಂಡದ ಅಂಚಿಗೆ ಮೂರು ಬಿದಿರು ಕಡ್ಡಿ ನೆಟ್ಟು ಮೂರು ತಂತಿಬಳೆ ಕಟ್ಟಿ, ಬಳ್ಳಿಯನ್ನು ಬಳೆಯ ಸುತ್ತ ಓರೆಯಾಗಿ ಸುತ್ತಿಸುತ್ತಾರೆ, ಲಾಂದ್ರದ ಹಾಗೆ. ಎರಡಡಿ ಎತ್ತರದಲ್ಲೇ ಇಡೀ ಬಳ್ಳಿ ಮುಗಿಯುತ್ತದೆ. ನಿಲ್ ಜಾತಿಗೆ ಇದು ಚೆನ್ನಾಗಿ ಒಗ್ಗುತ್ತದೆ.

6. ನೀರು, ಗೊಬ್ಬರ

ಬೆರಳು ಎರಡು ಸೆಂಟಿಮೀಟರ್ ಇಳಿಸಿ, ಒಣಗಿದ್ದರೆ ನೀರು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಬಾಡಿ ನೇತುಬಿದ್ದಿರುತ್ತದೆ, ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆಗೆ ತಾನೇ ಚೇತರಿಸಿಕೊಂಡರೆ ನೀರಿನ ಕೊರತೆಯಲ್ಲ. ಸಂಜೆಗೂ ಬಾಡಿದ್ದರೆ ಕೊಡಿ.

ಗೊಬ್ಬರ ಮೊದಲು ಮಣ್ಣಿಗೆ ಬೆರೆಸಿದ್ದೇ ಸಾಕು. ನೆಲದಲ್ಲಿ ನೆಟ್ಟಿದ್ದರೆ ಬೇರೇನೂ ಬೇಡ. ಕುಂಡದಲ್ಲಿ ಮೊಗ್ಗು ಕಾಣತೊಡಗಿದಾಗ ಲೀಟರಿಗೆ ಎರಡು ಗ್ರಾಂ ಪೊಟ್ಯಾಷಿಯಂ ಸಲ್ಫೇಟ್ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಬುಡಕ್ಕೆ ಕೊಡಬಹುದು. ಇಲ್ಲವೇ ಕುಂಡಕ್ಕೆ ಒಂದು ಚಮಚ ಸೌದೆಬೂದಿ. ಬಾಳೆಸಿಪ್ಪೆ ನೆನೆಸಿದ ನೀರಿನ ಮೇಲೆ ಭರವಸೆ ಇಡಬೇಡಿ. ಸೊಳ್ಳೆ, ನೊಣ ಗ್ಯಾರಂಟಿ.

7. ಎಲೆ ಇದೆ, ಹೂ ಇಲ್ಲ

ನಿಲ್ ಜಾತಿ ಬಿತ್ತಿದ ಆರೇಳು ವಾರಕ್ಕೆ, ಪರ್ಪ್ಯೂರಿಯ ಏಳೆಂಟು ವಾರಕ್ಕೆ, ಹೆವೆನ್ಲಿ ಬ್ಲೂ ಹತ್ತು ವಾರದ ಹೊತ್ತಿಗೆ ಹೂ ಬಿಡಬೇಕು. ಅದೂ ಮೀರಿದರೆ ಕಾರಣ ಹುಡುಕಿ.

ಮೊದಲ ಅನುಮಾನ ಸಾರಜನಕ, ಅಂದರೆ ಎಲೆ ಬೆಳೆಸುವ ಪೋಷಕ. ಎಲೆಗಳು ಅಂಗೈಗಿಂತ ದೊಡ್ಡವಾಗಿ ಕಡುಹಸಿರಾಗಿ ಮಿರುಗುತ್ತಿದ್ದರೆ ಬಳ್ಳಿ ಉಂಡು ಮಲಗಿದೆ ಎಂದರ್ಥ. ಯೂರಿಯಾ, ಹಿಂಡಿ, ಜೀವಾಮೃತ ಎಲ್ಲ ನಿಲ್ಲಿಸಿ, ನೀರನ್ನೂ ಸ್ವಲ್ಪ ಬಿಗಿ ಮಾಡಿ. ಮೂರು ವಾರದಲ್ಲಿ ಮೊಗ್ಗು ಕಾಣಬೇಕು.

ಎರಡನೆಯದು ಯಾರೂ ಅನುಮಾನಿಸದ ಕಾರಣ: ಬೀದಿದೀಪ. ಇವು ಹೂವಿಗೆ ಉದ್ದನೆಯ ಕತ್ತಲು ಕೇಳುವ ಬಳ್ಳಿಗಳು. ಅದರಲ್ಲೂ ನಿಲ್ ಎಷ್ಟು ಸೂಕ್ಷ್ಮವೆಂದರೆ, 'ವಯಲೆಟ್' ಎಂಬ ಅದರ ಜಪಾನೀ ತಳಿ ಒಂದೇ ಒಂದು ದೀರ್ಘರಾತ್ರಿ ಸಿಕ್ಕಿದರೂ ಸಸಿಯಿರುವಾಗಲೇ ಮೊಗ್ಗು ಕಟ್ಟುತ್ತದೆ. ಹೂ ಹುಟ್ಟುವ ಸಂಶೋಧನೆಗೆ ಅದನ್ನು ದಶಕಗಳಿಂದ ಬಳಸುತ್ತಿರುವುದು ಅದಕ್ಕೇ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮೀರದು, ಆದ್ದರಿಂದ ಇಲ್ಲಿ ರಾತ್ರಿಗೆ ಕೊರತೆಯಿಲ್ಲ. ಆದರೆ ಬಾಲ್ಕನಿಯ ಎದುರಿನ ಎಲ್‌ಇಡಿ ಕಂಬ, ರಾತ್ರಿಯಿಡೀ ಉರಿಯುವ ಗೇಟಿನ ಬಲ್ಬು ಆ ಕತ್ತಲನ್ನು ಕೆಡಿಸುತ್ತವೆ. ಕುಂಡವನ್ನು ಆ ದೀಪದ ಬೆಳಕು ಬೀಳದ ಕಡೆಗೆ ಸರಿಸಿ ಅಥವಾ ದೀಪಕ್ಕೆ ಮರೆ ಕಟ್ಟಿ.

ಹೊರದೇಶದ ಕನ್ನಡಿಗರ ತೊಂದರೆ ಇದೇ, ಕಾರಣ ಮಾತ್ರ ಬೇರೆ. ಚಿಕಾಗೋದಲ್ಲಿ ಜೂನ್ ಹಗಲು 15 ಗಂಟೆ, ಲಂಡನ್ನಿನಲ್ಲಿ 16 ಗಂಟೆ ಮೀರುತ್ತದೆ. ಆಗಸ್ಟ್‌ವರೆಗೆ ಹೆವೆನ್ಲಿ ಬ್ಲೂ ಎಲೆಯಲ್ಲೇ ಇದ್ದರೆ ಅದು ರೋಗವಲ್ಲ, ರಾತ್ರಿ ಉದ್ದವಾಗಲು ಕಾಯುತ್ತಿದೆ. ಅಲ್ಲಿ ಕೊನೆಯ ಹಿಮ ಕಳೆದು ರಾತ್ರಿ 10 ಡಿಗ್ರಿಗಿಂತ ಮೇಲೆ ನಿಂತ ಬಳಿಕವೇ ಹೊರಗೆ ನೆಡಿ. ಚಳಿ ತಾಗಿದರೆ ಎಳೆ ಎಲೆ ಬಿಳಿಚಿಕೊಳ್ಳುತ್ತದೆ.

ಹೂ ಬಂತು, ಹತ್ತು ಗಂಟೆಗೇ ಮುದುಡಿತು ಎನ್ನುವವರಿಗೆ: ಅದರ ಸ್ವಭಾವವೇ ಅದು. ಕತ್ತಲಾದ ಸುಮಾರು ಹತ್ತು ಗಂಟೆಗೆ ನಿಲ್ ಅರಳುತ್ತದೆ, ಅಂದರೆ ನಮ್ಮಲ್ಲಿ ನಸುಕು ಐದರ ಹೊತ್ತಿಗೆ. ಬಿಸಿಲೇರಿದಂತೆ ಬಾಡುತ್ತದೆ. ಮೋಡದ ದಿನ ಮಧ್ಯಾಹ್ನದವರೆಗೂ ಇರುತ್ತದೆ. ಒಂದು ಹೂವಿಗೆ ಒಂದೇ ಬೆಳಗು.

8. ಹುಳ, ರೋಗ

ಒಂದೇ ರಾತ್ರಿಯಲ್ಲಿ ಎಲೆಯೆಲ್ಲ ಮಾಯವಾಗಿ, ಕೆಳಗೆ ಮೆಣಸಿನಕಾಳು ಗಾತ್ರದ ಹಿಕ್ಕೆ ಬಿದ್ದಿದ್ದರೆ ಹಿಂಬದಿಗೆ ಕೊಂಬಿರುವ ಬೆರಳುದ್ದದ ಹುಳ ಮೇಲೆಲ್ಲೋ ಇದೆ. ಗೆಣಸಿಗೂ ಬರುವ ದೊಡ್ಡ ಪತಂಗದ ಮರಿ ಅದು. ಹಿಕ್ಕೆ ಬಿದ್ದ ಜಾಗದ ನೇರ ಮೇಲೆ ಟಾರ್ಚ್ ಬಿಟ್ಟು ಹುಡುಕಿ ಕೈಯಲ್ಲೇ ತೆಗೆಯಿರಿ, ಔಷಧ ಬೇಡ. ಎಲೆಯಲ್ಲಿ ಬಿಳಿ ಗೆರೆಗಳಿದ್ದರೆ ರಂಗೋಲಿ ಹುಳು. ಆ ಎಲೆ ಕಿತ್ತರಾಯಿತು. ಬೇಸಿಗೆ ಬಂದಂತೆ ಎಲೆಯಡಿ ಕೆಂಪು ನುಸಿ. ಎಲೆಯ ತಳಕ್ಕೆ ರಭಸದ ನೀರು, ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಒಂದೆರಡು ಮಿಲಿ ಸೋಪುದ್ರಾವಣದಲ್ಲಿ ಕಲಸಿ ಸಂಜೆ ಸಿಂಪಡಿಸಿ. ಮೊಗ್ಗು ತುಂಬಿರುವಾಗ ಹೂವಿನ ಮೇಲೆ ಬೀಳಿಸಬೇಡಿ. ಮಳೆಗಾಲದಲ್ಲಿ ಎಲೆಯ ಕೆಳಗೆ ಸುಣ್ಣದ ಬೊಟ್ಟಿನಂಥ ಗುಳ್ಳೆ ಎದ್ದರೆ ಬಿಳಿ ತುಕ್ಕು. ಎಲೆಗಳನ್ನು ಕಿತ್ತು ಸುಡಿ, ಗಾಳಿಯಾಡುವಂತೆ ಬಳ್ಳಿ ತೆಳುಮಾಡಿ.

ಗೆಣಸು ಬೆಳೆಯುವ ಹೊಲದ ಬದಿಗೆ ಈ ಬಳ್ಳಿ ಬೇಡ. ಗೆಣಸಿನ ಮೂತಿಹುಳ ಇದರಲ್ಲೂ ಬದುಕುತ್ತದೆ. ಬೆಳಗಾವಿ ಕಡೆಯವರು ಇದನ್ನು ಮನಸ್ಸಿನಲ್ಲಿಡಿ.

9. ಬೀಜ ಹಿಡಿಯುವುದು

ಇಲ್ಲಿ ಜಾತಿಯ ಲೆಕ್ಕ ಬರುತ್ತದೆ. ಮೂರು ಜಾತಿಗಳು ಸಾಮಾನ್ಯವಾಗಿ ಒಂದಕ್ಕೊಂದು ಬೆರೆಯವು. ಹಾಗಾಗಿ ಅತಿ ಸುಲಭದ ದಾರಿ: ಒಂದು ಜಾತಿಗೆ ಒಂದೇ ತಳಿ. ಟೆರೇಸಿನಲ್ಲಿ ಒಂದು ಗ್ರ್ಯಾಂಡ್‌ಪಾ ಆಟ್ಸ್, ಒಂದು ಹೆವೆನ್ಲಿ ಬ್ಲೂ, ಒಂದು ಅಸಗಾವೊ ಇದ್ದರೆ ಚೀಲ ಕಟ್ಟದೆಯೂ ಬೀಜ ಶುದ್ಧವಾಗಿರುವ ಸಾಧ್ಯತೆ ಹೆಚ್ಚು. ಶುರುವಿಗೆ ನಮ್ಮ ಸಲಹೆ ಇದೇ.

ಒಂದೇ ಜಾತಿಯ ಎರಡು ತಳಿ ಇಟ್ಟಾಗಲೇ ಗೊಂದಲ. ನಿಲ್ ಜಾತಿಯಲ್ಲಿ ಹೂ ಬಿರಿಯುವ ಹೊತ್ತಿಗೆ ಕೇಸರಗಳು (ಪರಾಗ ಹೊತ್ತ ಎಳೆಗಳು) ಶಲಾಕೆಯ, ಅಂದರೆ ನಡುವಿನ ದಂಟಿನ, ತುದಿಯನ್ನು ಸವರಿಕೊಂಡು ಮೇಲೇರುತ್ತವೆ, ಜೇನು ಬರುವ ಮುಂಚೆಯೇ ಪರಾಗಸ್ಪರ್ಶ ಮುಗಿದಿರುತ್ತದೆ. ಬೆರಕೆ ಕಡಿಮೆ. ಪರ್ಪ್ಯೂರಿಯದಲ್ಲಿ ಜೇನುಗಳೇ ಬಹುಪಾಲು ಕೆಲಸ ಮಾಡುವುದರಿಂದ ಬೆರಕೆ ಜೋರು. ಈ ವರ್ಷ ಬಣ್ಣ ಬೇರೆ ಎಂಬ ದೂರು ಬರುವುದು ಹೆಚ್ಚಾಗಿ ಇದರಿಂದಲೇ.

ಜೇನು ಬೇರೆ ತಳಿಯ ಪರಾಗ ತಾರದಂತೆ ಮೊಗ್ಗಿಗೆ ಚೀಲ ಕಟ್ಟುವ ಕ್ರಮ ಹೀಗೆ. ನಾಳೆ ಅರಳುವ ಮೊಗ್ಗನ್ನು ಸಂಜೆಯೇ ಗುರುತಿಸಬಹುದು: ಮಡಚಿದ ಕೊಡೆಯಂತೆ ತಿರುಚಿ, ಉಬ್ಬಿ, ತುದಿಯಲ್ಲಿ ಬಣ್ಣ ಕಂಡಿರುತ್ತದೆ. ಅದಕ್ಕೆ ನೆಟ್ ಚೀಲ ತೊಡಿಸಿ ದಾರ ಬಿಗಿಯಿರಿ, ಇರುವೆಯೂ ನುಗ್ಗದಷ್ಟು. ಬೆಳಿಗ್ಗೆ ಆರೂವರೆಯೊಳಗೆ ಚೀಲ ಸಡಿಲಿಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಅದೇ ಹೂವಿನ ಬಿಳಿಪುಡಿಯನ್ನು (ಪರಾಗ) ನಡುವಿನ ಗುಂಡುತುದಿಗೆ ಸವರಿ ಮತ್ತೆ ಕಟ್ಟಿ. ಹೂ ಮುದುಡಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಉಣ್ಣೆ ನೂಲಿನ ಗುರುತು ಹಾಕಿ. ಒಂದು ತಳಿಗೆ ಒಂದು ಬಣ್ಣ. ಗುರುತು ಹಾಕದ ಕಾಯಿಯಿಂದ ತಳಿಯ ಬೀಜ ತೆಗೆಯಬೇಡಿ. ಆರು ಬಳ್ಳಿಗೆ ಐದೈದು ಹೂ ಹೀಗೆ ಮಾಡಿದರೆ ನೂರು ಚಿಲ್ಲರೆ ಬೀಜ ಸಿಗುತ್ತದೆ, ಧಾರಾಳ. ಒಂದೇ ಬಳ್ಳಿಯಿಂದ ಎಲ್ಲ ಬೀಜ ತೆಗೆಯುವುದು ಬೇಡ. ಅದರಲ್ಲೊಂದು ಕುಂದಿದ್ದರೆ ಅದೇ ತಳಿಯಾಗಿಬಿಡುತ್ತದೆ.

ಮೊದಲ ಹೂ ಅರಳಿದ ದಿನವೇ ಪ್ರತಿ ಬಳ್ಳಿಯನ್ನೂ ಪರೀಕ್ಷಿಸಿ. ಬಣ್ಣ ತಪ್ಪಿದ್ದನ್ನು ಆಗಲೇ ಕೀಳಿ. ಚೆನ್ನಾಗಿದೆಯಲ್ಲ, ಇರಲಿ ಎಂದು ವಾರ ಬಿಟ್ಟರೆ ಅದರ ಪರಾಗ ಎಲ್ಲಕ್ಕೂ ತಲುಪಿರುತ್ತದೆ. ಪಟ್ಟೆ, ಚುಕ್ಕೆ ಹೂವಿನ ತಳಿಗಳು ಮಾತ್ರ ಇದಕ್ಕೆ ಹೊರತು. ಅವುಗಳಲ್ಲಿ ಜಾಗ ಬದಲಿಸುವ ವಂಶವಾಹಿ ತುಣುಕುಗಳಿವೆ. ಒಂದೇ ಬಳ್ಳಿಯಲ್ಲಿ ಒಂದು ಹೂ ಪೂರ್ತಿ ನೀಲಿ, ಪಕ್ಕದ್ದು ಗೀರುಗೀರು ಆಗಬಹುದು. ಅದು ಬೆರಕೆಯಲ್ಲ. ಗೀರು ಚೆನ್ನಾಗಿ ಬಿದ್ದ ಹೂಗಳದೇ ಕಾಯಿಗೆ ಗುರುತು ಹಾಕಿ. (ಎದೊ ಕಾಲದ ಜಪಾನೀಯರು ಇನ್ನೂ ಮುಂದೆ ಹೋಗಿದ್ದರು. ಬೀಜವೇ ಕಟ್ಟದ ವಿಚಿತ್ರ ಹೂಗಳನ್ನು, ಸಾಧಾರಣವಾಗಿ ಕಾಣುವ ಅವುಗಳ ಒಡಹುಟ್ಟುಗಳ ಬೀಜ ಹಿಡಿದು ಮತ್ತೆ ಮತ್ತೆ ಪಡೆಯುತ್ತಿದ್ದರು. ಆನುವಂಶಿಕತೆಯ ನಿಯಮಗಳನ್ನು ಮೆಂಡೆಲ್ ಬರೆಯುವ ಮೊದಲೇ.)

ಕಾಯಿ ಬಲಿಯಲು ನಾಲ್ಕರಿಂದ ಆರು ವಾರ. ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಒತ್ತಿದರೆ ಗರಗರ ಅನ್ನಬೇಕು. ಒಡೆದು ಚೆಲ್ಲುವ ಮುಂಚೆ ಕೊಯ್ಯಿರಿ. ಅಕ್ಟೋಬರ್ ನವೆಂಬರಿನ ಹಿಂಗಾರಿಗೆ ಬಲಿತ ಕಾಯಿ ಬೂಸಲು ಹಿಡಿಯುವುದು ಬೆಂಗಳೂರಿನವರ ದೊಡ್ಡ ನಷ್ಟ. ಮೂರು ದಿನ ಮಳೆ ಎಂದಿದ್ದರೆ ಅರೆಬಣ್ಣ ತಿರುಗಿದ ಕಾಯನ್ನು ಗೇಣುದ್ದ ಬಳ್ಳಿ ಸಮೇತ ಕತ್ತರಿಸಿ, ಒಳಗೆ ತಲೆಕೆಳಗಾಗಿ ತೂಗುಹಾಕಿ. ಒಳಗಿನ ಬೀಜ ಕಪ್ಪಾಗಿದ್ದರೆ ಮೊಳೆಯುತ್ತದೆ. ಬಿಳಿಹೂವಿನ ಕೆಲವು ತಳಿಗಳ ಬೀಜ ಬಲಿತರೂ ಕಂದು ಅಥವಾ ಕೆನೆಬಣ್ಣವೇ, ಅಲ್ಲಿ ಗಟ್ಟಿತನ ನೋಡಿ.

10. ಒಣಗಿಸಿ ಇಡುವುದು

ಸಿಪ್ಪೆ ಉಜ್ಜಿ ತೂರಿ, ನೆರಳಲ್ಲಿ ಗಾಳಿಗೆ ಹತ್ತು ದಿನ ಹರಡಿ. ಉಗುರು ಒತ್ತಿದರೆ ಗುರುತು ಬೀಳಬಾರದು. ಕಾಗದದ ಕವರಿಗೆ ಹಾಕಿ, ಕವರನ್ನು ಬಿಗಿಮುಚ್ಚಳದ ಗಾಜಿನ ಶೀಸೆಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣ ಹಾಕಿ ತಂಪಾದ ಕಪಾಟಿನಲ್ಲಿಡಿ. ಒದ್ದೆ ಇದ್ದಾಗಲೇ ಪ್ಲಾಸ್ಟಿಕ್ ಕವರಿಗೆ ತುಂಬುವುದು ಬೀಜ ಕೆಡಿಸುವ ಖಾತ್ರಿ ಮಾರ್ಗ. ಸರಿಯಾಗಿ ಇಟ್ಟದ್ದು ಮೂರು ನಾಲ್ಕು ವರ್ಷ ಮೊಳೆಯುತ್ತದೆ. ಕವರಿನ ಮೇಲೆ ಜಾತಿ, ತಳಿ, ಹೂವಿನ ಬಣ್ಣ, ಕೊಯ್ದ ತಿಂಗಳು, ವರ್ಷ ಬರೆಯಿರಿ. ಚೀಲ ಕಟ್ಟಿದ್ದೋ ಇಲ್ಲವೋ ಅದನ್ನೂ.

ಉಳಿದ ಕಾಯಿಗಳನ್ನು ಬಳ್ಳಿಯಲ್ಲೇ ಬಿಡಬೇಡಿ. ಇದು ಸುಲಭವಾಗಿ ಕಳೆಯಾಗುವ ವಂಶ. ಕೆರೆಯ ಅಂಚು, ಕಾಡಂಚು, ಖಾಲಿ ಸೈಟಿಗೆ ಒಣಬಳ್ಳಿ ಎಸೆಯುವುದು ತಪ್ಪು, ಮಲೆನಾಡಿನಲ್ಲಂತೂ ಖಂಡಿತ ಕೂಡದು. ಕಾಯಿ ಸಮೇತ ಸುಡಿ. ಗೊಬ್ಬರದ ಗುಂಡಿಗೂ ಹಾಕಬೇಡಿ, ಅಲ್ಲಿಯ ಶಾಖ ಆ ಸಿಪ್ಪೆಗೆ ಸಾಲದು. ಮುಂದಿನ ಜೂನ್‌ನಲ್ಲಿ ಹಳೆಯ ಕುಂಡದಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಬೀಜದ ಬಳ್ಳಿಗಳ ಜೊತೆ ಬೆಳೆಸಬೇಡಿ. ಅವುಗಳ ತಂದೆ ಯಾರೆಂದು ಗೊತ್ತಿಲ್ಲ. ಎರಡೆಲೆ ಇರುವಾಗಲೇ ಕಿತ್ತುಹಾಕಿ, ಇಲ್ಲವೇ ಬೇರೆಲ್ಲಾದರೂ ದೂರದಲ್ಲಿ ಹೂವಿಗಷ್ಟೇ ಇಟ್ಟುಕೊಳ್ಳಿ.